ಮೈದುನನ ಗುಂಡಿಗಳು, ನನ್ನ ಪೆನ್ಸಿಲ್ಲು

ಮಾಡಿದ ಕೆಲಸಗಳನ್ನೆಲ್ಲ ದಿನವೂ ಒಂದು ನೋಟುಪುಸ್ತಕದಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಒಂದು ಭಾನುವಾರದ ಪುಟದಲ್ಲಿ ಹೀಗಿದೆ: ಐದೂವರೆಗೆ ಎದ್ದದ್ದು. ನಲ್ಲಿಯಲ್ಲಿ ನೀರು ಬಂತು, ಏಳು ಬಿಂದಿಗೆ ಹಿಡಿದದ್ದು. ಹುರುಳಿಕಾಳು ಬೇಯಲು ಇಟ್ಟದ್ದು. ಹೊದಿಕೆ ಒಗೆದು ತಂತಿಯ ಮೇಲೆ ಹಾಕಿದ್ದು. ಯಜಮಾನರ ಖಾಕಿ ಷರ್ಟಿನ ಹರಿದ ಜೇಬು ಹೊಲಿದದ್ದು. ಮೈದುನ ತೋರಿಸಿದ ಇಪ್ಪತ್ತೆಂಟು ಗುಂಡಿಗಳನ್ನು ಒಂದೊಂದಾಗಿ ನೋಡಿ, ಒಂದೊಂದಕ್ಕೂ 'ಚೆನ್ನಾಗಿದೆ' ಎಂದದ್ದು.

ಇಷ್ಟರಲ್ಲಿ ನನಗೆ ಸುಸ್ತು ಮಾಡಿದ್ದು ಕೊನೆಯ ಕೆಲಸ ಒಂದೇ.

ನನ್ನ ಮೈದುನನಿಗೆ ತಲೆ ಕೆಟ್ಟಿದೆ ಎಂದು ನಾನು ಎಂದೂ ಹೇಳಿದವಳಲ್ಲ. ಹಾಗೆ ಹೇಳುವವರು ಗುಂಡ್ಲುಪೇಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಚಾಮರಾಜನಗರದಲ್ಲಿ ಇನ್ನೂ ಹೆಚ್ಚು. ನಡುವೆ ತೆರಕಣಾಂಬಿಯಲ್ಲೂ ಒಂದು ಮನೆಯವರಿದ್ದಾರೆ, ಅವರ ವಿಷಯ ಆಮೇಲೆ ಬರುತ್ತದೆ. ಇಷ್ಟು ಜನ ಹೇಳುತ್ತಿರುವಾಗ ನಾನೇಕೆ ಬಾಯಿ ನೋಯಿಸಿಕೊಳ್ಳಲಿ?

ನಾನು ಮದುವೆಯಾಗಿ ಬಂದದ್ದು ಅತ್ತೆ ಇಲ್ಲದ ಮನೆಗೆ. 'ಪುಣ್ಯವಂತೆ ಕಣೆ' ಎಂದು ತವರಿನವರು ಹೊಟ್ಟೆಕಿಚ್ಚುಪಟ್ಟಿದ್ದರು. ಆಗ ಈ ಮೈದುನನಿಗೆ ಎಂಟು ವರ್ಷ. ಮೂರು ಅತ್ತೆಯರ ಕೊರತೆಯನ್ನು ಅವನೊಬ್ಬನೇ ನೀಗಿಸಿದ. ಒಂದು ವಾರ ನನ್ನ ಸಾಂಬಾರ ಡಬ್ಬಿಗಳೆಲ್ಲ ಎತ್ತರದ ಪ್ರಕಾರ ನಿಲ್ಲುತ್ತಿದ್ದವು, ಮುಂದಿನ ವಾರ ಮುಚ್ಚಳದ ಬಣ್ಣದ ಪ್ರಕಾರ. 'ಇದು ಹೊಸಾದು ಅತ್ಗೆ' ಅನ್ನುತ್ತಿದ್ದ. ಹೊಸದು ಎಂದ ಮೇಲೆ ಅವನ ಪಾಲಿಗೆ ಪ್ರಶ್ನೆ ಮುಗಿಯಿತು. ಒಂದು ದಿನ ಯಜಮಾನರು ಸಕ್ಕರೆಯೆಂದು ಉಪ್ಪು ಬೆರೆಸಿಕೊಂಡ ಕಾಫಿ ಕುಡಿದು, ಒಂದು ಮಾತೂ ಆಡದೆ ಬಂಡೀಪುರಕ್ಕೆ ಡ್ಯೂಟಿಗೆ ಹೋದರು. ಅವರು ಅರಣ್ಯ ಇಲಾಖೆಯ ಜೀಪು ಓಡಿಸುವವರು. ಆನೆ ಅಡ್ಡ ಬಂದರೂ ಹಾರ್ನ್ ಮಾಡದ ಮನುಷ್ಯ, ತಮ್ಮನಿಗೆ ಬೈಯುತ್ತಾರೆಯೇ?

ಈ ಹುಡುಗ ಬೆಳೆದು ಕಂಪ್ಯೂಟರ್ ಕಲಿತು, ಚಾಮರಾಜನಗರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಮೇಷ್ಟ್ರಾದ. ವಾರವೆಲ್ಲ ಅಲ್ಲಿ, ಶನಿವಾರ ಸಂಜೆಯ ಬಸ್ಸಿಗೆ ಮನೆಗೆ. ಅಲ್ಲಿ ಅವನಿಗೆ ಜೀವನದ ದೊಡ್ಡ ಸಂತೋಷವೊಂದು ಸಿಕ್ಕಿತು. ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಗುಂಡಿ, ಪಟ್ಟಿ, ಚೌಕ, ಕ್ಯಾಲೆಂಡರ್ ಇವನ್ನೆಲ್ಲ ಯಾರೋ ಮೊದಲೇ ಮಾಡಿ ಫ್ಲಾಪಿಯಲ್ಲಿ ತುಂಬಿ ಕಳಿಸುತ್ತಾರಂತೆ. ಮನೆ ಕಟ್ಟುವವರು ಬಾಗಿಲು ಕಿಟಕಿಗಳನ್ನು ಸಿದ್ಧ ಮಾಡಿದ್ದೇ ತಂದು ಕೂಡಿಸುತ್ತಾರಲ್ಲ, ಹಾಗೆ. ಇವನಂಥವರು ಅವನ್ನು ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಂಡರಾಯಿತು. ಸಂಕಟವೇನೆಂದರೆ ಬಾಗಿಲು ಕಿಟಕಿ ಒಂದು ಸಲ ಕೂಡಿಸಿದರೆ ಮುಗಿಯಿತು; ಈ ಫ್ಲಾಪಿಯವರು ಮಾತ್ರ ತಿಂಗಳೆರಡು ತಿಂಗಳಿಗೊಮ್ಮೆ ಹೊಸ ಬಾಗಿಲು ಕಳಿಸುತ್ತಿದ್ದರು. ಮೈಸೂರಿನಿಂದ ಯಾರೋ ಅದನ್ನು ತಂದುಕೊಟ್ಟ ದಿನ ನನ್ನ ಮೈದುನ ಇರುವ ಮನೆಯನ್ನು ಕೆಡವುತ್ತಿದ್ದ.

ಅವನು ಯಾರ ಮನೆಯನ್ನಾದರೂ ಕೆಡವಿಕೊಳ್ಳಲಿ ಎಂದು ನಾನು ಸುಮ್ಮನಿರುತ್ತಿದ್ದೆ. ಆದರೆ ಆ ವರ್ಷ ಅವನು ಕಟ್ಟುತ್ತಿದ್ದದ್ದು ನನ್ನ ಮನೆ.

ನಾನು ಗುಂಡ್ಲುಪೇಟೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಬಾಗಿಲ ಬಳಿಯ ಮೇಜಿನಲ್ಲಿ ಕೂರುವವಳು. ಬಂದವರ ಹೆಸರು, ಊರು, ಕಾಯಿಲೆ ರಿಜಿಸ್ಟರಿನಲ್ಲಿ ಬರೆದು ಚೀಟಿ ಕೊಡುವುದು, ಸರದಿಯ ಪ್ರಕಾರ ಒಳಗೆ ಕಳಿಸುವುದು ನನ್ನ ಕೆಲಸ. ಹಳ್ಳಿಯವರು ನನ್ನನ್ನು 'ಚೀಟಿ ಅವ್ವ' ಎನ್ನುತ್ತಾರೆ. ಹದಿನಾಲ್ಕು ವರ್ಷ, ಹದಿನಾಲ್ಕು ರಿಜಿಸ್ಟರು. ಆ ಯುಗಾದಿಗೆ ಡಾಕ್ಟರು ಒಂದು ಕಂಪ್ಯೂಟರ್ ತರಿಸಿ ನನ್ನ ಮೇಜಿನ ಮೇಲೆ ಇಡಿಸಿದರು. ನಾನು ಅದಕ್ಕೆ ಅರಿಶಿನ ಕುಂಕುಮ ಹಚ್ಚಿದೆ. ಡಾಕ್ಟರು ಅದನ್ನು ನೋಡಿ ಹೇಳಿದರು:

"ನೋಡಿ ಅಮ್ಮ, ದೀಪಾವಳಿವರೆಗೆ ಎರಡೂ ಇರಲಿ, ಪುಸ್ತಕಾನೂ ಕಂಪ್ಯೂಟರೂ. ದೀಪಾವಳಿ ಕಳೆದು ಮೊದಲ ಶನಿವಾರ ನಾನೇ ಪಕ್ಕ ಕೂತು ನೋಡ್ತೀನಿ. ನಿಮ್ಮ ಕೈಲಿ ಆದ್ರೆ ನೀವೇ. ಆಗದಿದ್ರೆ ಕೋರ್ಸ್ ಮಾಡಿರೋ ಹುಡುಗೀನ ತಗೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಲಿಲ್ಲ. ಮನೆಗೆ ಬಂದು ಒಂದು ಸೇರು ಅಕ್ಕಿ ಆರಿಸಿದೆ, ಅಷ್ಟೆ. ಅದರಲ್ಲಿ ಕಲ್ಲೇ ಇರಲಿಲ್ಲ.

ಪ್ರೋಗ್ರಾಮು ಬರೆಯಲು ಡಾಕ್ಟರು ಹೇಳಿದ್ದು ನನ್ನ ಮೈದುನನಿಗೇ. "ಯೋಚ್ನೆ ಬುಡು ಅತ್ಗೆ, ನಾನಿಲ್ವಾ" ಎಂದ. ಯೋಚನೆ ಶುರುವಾದದ್ದು ಆಗಲೇ.

ಮೊದಲು ಮಾಡಿಕೊಟ್ಟದ್ದು ಬಹಳ ಸುಲಭವಾಗಿತ್ತು. ಬೂದು ಬಣ್ಣದ ಪರದೆ, ನಾಲ್ಕು ಚೌಕ, ಎರಡು ಗುಂಡಿ. ಒಂದೇ ವಾರದಲ್ಲಿ ಕಲಿತೆ. ಕಲಿತೆ ಎಂದು ಅವನಿಗೆ ಹೇಳಿದ್ದೇ ನಾನು ಮಾಡಿದ ತಪ್ಪು. ಮರುವಾರವೇ ಹೊಸ ಫ್ಲಾಪಿ ಬಂತು. ಗುಂಡಿಗಳೆಲ್ಲ ಉಬ್ಬಿಕೊಂಡಿದ್ದವು.

"ಮುಟ್ಟಿ ನೋಡತ್ಗೆ, ಎಂಗ್ ಉಬ್ಬದೆ" ಎಂದ.

ಮುಟ್ಟಿದೆ. ಗಾಜು.

"ಕೈಗಲ್ಲ ಕಣತ್ಗೆ ಉಬ್ಬಿರೋದು, ಕಣ್ಣಿಗೆ. ಈಗ ಒತ್ತು. ಒಳಕ್ಕೋಯ್ತಾ? ಬುಡು. ಆಚೆಗ್ ಬಂತಾ?"

ಒಳಗೆ ಹೋಯಿತು, ಆಚೆಗೆ ಬಂತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಮಗು ಹುಟ್ಟಿದ ಮನೆಯಲ್ಲಿ ತೊಟ್ಟಿಲು ಇಣುಕಿದವರ ಮುಖವನ್ನು ಹೆತ್ತವರು ನೋಡುತ್ತಾರಲ್ಲ, ಹಾಗೆ. ಚೆನ್ನಾಗಿದೆ ಎನ್ನದೆ ಇರಲಾಗುತ್ತದೆಯೇ?

ಆಮೇಲೆ ಕ್ಯಾಲೆಂಡರು ಬಂತು. ವಯಸ್ಸು ಬರೆಯುವ ಚೌಕ ಹೋಗಿ, ಒತ್ತಿದರೆ ಕೆಳಗೆ ಬಿಚ್ಚಿಕೊಳ್ಳುವ ಚಂದದ ಕ್ಯಾಲೆಂಡರು. ಅದರಲ್ಲಿ ಹುಟ್ಟಿದ ದಿನ ಆರಿಸಬೇಕು. ನಮ್ಮ ಕಡೆಯ ಅಜ್ಜಿಯರನ್ನು ಹುಟ್ಟಿದ ದಿನ ಕೇಳಿದರೆ 'ನಮ್ಮಪ್ಪ ಹೊಸ ಎತ್ತು ತಂದ್ನಲ್ಲ, ಆಗ' ಅನ್ನುತ್ತಾರೆ. ಹೋಗಲಿ, ಅಂದಾಜಿಗೆ ಆರಿಸೋಣವೆಂದರೆ ಆ ಕ್ಯಾಲೆಂಡರಿಗೆ ಒಂದು ಒತ್ತಿಗೆ ಒಂದು ತಿಂಗಳು ಮಾತ್ರ ಹಿಂದೆ ಹೋಗಲು ಬರುತ್ತಿತ್ತು. ಎಪ್ಪತ್ತು ವರ್ಷದ ಅಜ್ಜಿಗೆ ಎಂಟುನೂರ ನಲವತ್ತು ಒತ್ತು! ಆರುನೂರು ದಾಟಿದ ಮೇಲೆ ನನಗೆ ಬೆರಳು ನೋವು ಬಂತು. ಅಜ್ಜಿಯನ್ನು ಐವತ್ತೈದಕ್ಕೇ ನಿಲ್ಲಿಸಿದೆ. ಡಾಕ್ಟರು ಚೀಟಿ ನೋಡಿ, "ಅಜ್ಜಿ, ಈ ವಯಸ್ಸಿಗೇ ಇಷ್ಟು ಸುಸ್ತಾ?" ಎಂದರಂತೆ. ಅಜ್ಜಿ ಹೊರಗೆ ಬಂದು ನನಗೆ ಎರಡು ಬಾಳೆಹಣ್ಣು ಕೊಟ್ಟು ಹೋದಳು.

ಅದಾದ ಮೇಲೆ ನೀಲಿ ಪಟ್ಟಿ. ಹೆಸರು ಬರೆದು ಒತ್ತಿದರೆ ಒಂದು ಉದ್ದನೆಯ ಖಾಲಿ ಪಟ್ಟಿ ಬರುವುದು, ಅದರಲ್ಲಿ ನೀಲಿ ಚೌಕಗಳು ಒಂದೊಂದಾಗಿ ತುಂಬುವುದು, ತುಂಬಿದ ಮೇಲೆ ಕೆಲಸ ಮುಗಿಯಿತೆಂದು ಅರ್ಥ.

"ಮುಂಚೆ ತಕ್ಷಣ ಆಗ್ತಿತ್ತಲ್ಲೋ?" ಎಂದೆ.

"ಈಗ್ಲೂ ತಕ್ಷಣಾನೇ ಆಗೋದು. ಆದ್ರೆ ತಕ್ಷಣ ಆಗ್ಬುಟ್ರೆ ಪಟ್ಟಿ ಕಾಣಲ್ಲ. ಅದಕ್ಕೇ ಹತ್ತು ಸೆಕೆಂಡು ನಿಲ್ಸಿವ್ನಿ."

ಹೊಟ್ಟೆ ಹಿಡಿದುಕೊಂಡು ಬಂದಿದ್ದ ಒಬ್ಬ ರೈತ ನನ್ನ ಹೆಗಲ ಹಿಂದೆ ನಿಂತು ಆ ನೀಲಿ ತುಂಬುವುದನ್ನೇ ಕಣ್ಣು ಮಿಟುಕಿಸದೆ ನೋಡಿದ. "ಇದು ತುಂಬೋ ಒತ್ಗೆ ನನ್ ಹೊಟ್ಟೆನೋವೇ ಓಗ್ಬುಡ್ತು ಕಣವ್ವ" ಎಂದ. ಮೈದುನನಿಗೆ ಇದನ್ನು ದೂರಿನಂತೆ ಹೇಳಿದೆ. ಅವನು ಅದನ್ನು ಹೊಗಳಿಕೆಯೆಂದು ತೆಗೆದುಕೊಂಡು ಹದಿನೈದು ಸೆಕೆಂಡಿಗೆ ಏರಿಸಿದ.

ಆಮೇಲೆ ಕೊಂಬೆ ಬಂತು. ಹೆಸರುಗಳು ಇನ್ನು ಸಾಲಾಗಿ ಇರುವುದಿಲ್ಲವಂತೆ. ಮೇಲೆ ತಾಲ್ಲೂಕು, ಅದರ ಪಕ್ಕದ ಕೂಡುವ ಗುರುತು ಒತ್ತಿದರೆ ಹೋಬಳಿ ಬಿಚ್ಚಿಕೊಳ್ಳುತ್ತದೆ, ಅದನ್ನೊತ್ತಿದರೆ ಹಳ್ಳಿ, ಹಳ್ಳಿಯನ್ನೊತ್ತಿದರೆ ಮನುಷ್ಯ. ಎದುರಿಗೆ ಕೂತು ಕೆಮ್ಮುತ್ತಿರುವ ಮನುಷ್ಯನನ್ನು ಹುಡುಕಲು ನಾನು ಇಡೀ ಗುಂಡ್ಲುಪೇಟೆ ತಾಲ್ಲೂಕು ಸುತ್ತಿ ಬರಬೇಕು.

ಅಷ್ಟರಲ್ಲಿ ಗುಂಡಿಗಳು ಮತ್ತೆ ಬದಲಾದವು. ಉಬ್ಬಿದ್ದೆಲ್ಲ ಇಳಿದು ಚಪ್ಪಟೆಯಾಗಿತ್ತು.

"ಇದು ಮೊದಲಿದ್ದ ಹಾಗೇ ಆಯ್ತಲ್ಲೋ. ಮೊದಲೂ ಚಪ್ಪಟೆ ಇತ್ತು."

"ಅದು ಹಳೇ ಚಪ್ಪಟೆ ಅತ್ಗೆ. ಇದು ಹೊಸ ಚಪ್ಪಟೆ. ಬಾಣ ಹತ್ರ ತಗೊಂಡೋಗು. ಎದ್ಕತ್ತಾ?"

ಎದ್ದುಕೊಂಡಿತು. ಮೌಸಿನ ಬಾಣ ದೂರ ಹೋದರೆ ಮಲಗಿಕೊಳ್ಳುತ್ತಿತ್ತು. ನಮ್ಮ ಕಚೇರಿಗಳ ಜವಾನರ ಹಾಗೆ.

ತೆರಕಣಾಂಬಿಯ ಮನೆಯವರ ವಿಷಯ ಹೇಳುತ್ತೇನೆಂದೆನಲ್ಲ. ಆ ಶ್ರಾವಣದಲ್ಲಿ ಅವನಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿಯ ತಂದೆ, "ನೀವು ಮಾಡೋ ಕೆಲ್ಸ ಏನು, ಸ್ವಲ್ಪ ಬುಡಿಸಿ ಯೋಳಿ" ಎಂದರು. ಇವನು ಜೇಬಿನಿಂದ ಪೆನ್ನು ತೆಗೆದು, ಉಪ್ಪಿಟ್ಟಿನ ತಟ್ಟೆ ಸರಿಸಿ, ಕಾಗದದ ಮೇಲೆ ನಾಲ್ಕು ಬಗೆಯ ಗುಂಡಿಗಳ ಚಿತ್ರ ಬರೆದ. ಹುಡುಗಿ ಜಾಣೆ. ಬಾಗಿಲ ಹಿಂದಿನಿಂದಲೇ, "ಒತ್ತಿದ್ರೆ ಏನಾಯ್ತದೆ?" ಎಂದು ಕೇಳಿದಳು.

"ಸದ್ಯಕ್ಕೆ ಏನೂ ಆಗಲ್ಲ. ಆದ್ರೆ ಬಾಳ ಚೆನ್ನಾಗಿ ಒಳಕ್ಕೋಯ್ತದೆ" ಎಂದ.

ಹಿಂತಿರುಗುವ ಬಸ್ಸಿನಲ್ಲಿ ಯಜಮಾನರು ತೆರಕಣಾಂಬಿಯಿಂದ ಗುಂಡ್ಲುಪೇಟೆವರೆಗೆ ಕಿಟಕಿಯ ಆಚೆ ನೋಡುತ್ತಿದ್ದರು. ಇಳಿಯುವಾಗ ತಮ್ಮನಿಗೆ ಒಂದೇ ಮಾತು ಹೇಳಿದರು: "ಇನ್ನೊಂದ್ಸಲ ಓಗುವಾಗ ಪೆನ್ನು ಮನೇಲಿಟ್ಟು ಬಾರ್ಲಾ."

ನಗುವಿನಲ್ಲೇ ದಿನಗಳು ಹೋಗುತ್ತಿದ್ದವು. ಆದರೆ ದೀಪಾವಳಿ ಹತ್ತಿರ ಬರುತ್ತಿತ್ತು. ನಾನು ಒಂದನ್ನು ಕಲಿಯುವಷ್ಟರಲ್ಲಿ ಅದು ಇನ್ನೊಂದಾಗಿರುತ್ತಿತ್ತು. ಹದಿನಾಲ್ಕು ವರ್ಷ ಕೂತ ಕುರ್ಚಿ. ಅದರ ಎಡಗೈಯ ಮರ ನನ್ನ ಮೊಣಕೈಗೆ ಸವೆದು ನುಣ್ಣಗಾಗಿದೆ. ಅದರಲ್ಲಿ ಇನ್ಯಾರೋ ಕೂರುತ್ತಾರೆ ಎಂದು ನೆನೆದಾಗಲೆಲ್ಲ ನನಗೆ ಅಕ್ಕಿ ಆರಿಸಬೇಕೆನಿಸುತ್ತಿತ್ತು. ಆ ತಿಂಗಳುಗಳಲ್ಲಿ ನಮ್ಮ ಮನೆಯ ಅನ್ನದಲ್ಲಿ ಒಂದೇ ಒಂದು ಕಲ್ಲು ಸಿಕ್ಕಿದ್ದಿಲ್ಲ.

ದೀಪಾವಳಿಗೆ ಮೂರು ವಾರ ಇರುವಾಗ, ಒಂದು ಶನಿವಾರ ಮೈದುನ ರಜೆ ಹಾಕಿ ನರ್ಸಿಂಗ್ ಹೋಮಿಗೇ ಬಂದ. ಹೊಸ ಪಟ್ಟಿಯೊಂದು ಬಂದಿತ್ತು. ಅದರ ತಲೆಬರಹದ ಮೇಲೆ ಒತ್ತಿದರೆ ಸಾಕು, ಹೆಸರುಗಳೆಲ್ಲ ತಾವೇ ಅಕ್ಷರದ ಪ್ರಕಾರ ಸಾಲಾಗಿ ನಿಲ್ಲುತ್ತವೆ.

"ಇವತ್ತು ನೀನು ಪೆನ್ಸಿಲ್ಲು ಮುಟ್ಬೇಡ ಅತ್ಗೆ. ಮಿಷಿನ್ನು ಯೋಳ್ದಂಗೆ ಕರಿಯನ" ಎಂದ.

ಪೆನ್ಸಿಲ್ಲಿನ ವಿಷಯ ಇಲ್ಲಿ ಹೇಳಬೇಕು. ರಿಜಿಸ್ಟರಿನಲ್ಲಿ ಹೆಸರು, ಊರು, ಕಾಯಿಲೆಗಳನ್ನು ಪೆನ್ನಿನಲ್ಲಿ ಬರೆಯುತ್ತಿದ್ದೆ. ಅಂಚಿನ ಕೆಂಪು ಗೆರೆಯ ಎಡಗಡೆ ಪೆನ್ಸಿಲ್ಲಿನಲ್ಲಿ ಸಣ್ಣಗೆ ಇನ್ನೊಂದು ಮಾತು ಬರೆಯುತ್ತಿದ್ದೆ. ಮುಖ್ಯವಾಗಿ ಅವರು ಹಿಡಿಯಬೇಕಾದ ಬಸ್ಸು. ಒಳಹಳ್ಳಿಗಳಿಗೆ ದಿನಕ್ಕೆ ಎರಡೇ ಬಸ್ಸು; ತಪ್ಪಿದರೆ ನಡೆಯಬೇಕು. ಹಾಗಾಗಿ ಯಾರು ಮೊದಲು ಬಂದರು ಎಂದಲ್ಲ, ಯಾರ ಬಸ್ಸು ಮೊದಲು ಎಂದು ನೋಡಿ ಒಳಗೆ ಕಳಿಸುತ್ತಿದ್ದೆ. ಪಕ್ಕದ ಬೀದಿಯವರು ಗೊಣಗುತ್ತಿದ್ದರು. "ನಿಮ್ ಮನೆ ಎಲ್ಗೂ ಓಗಲ್ಲ, ಕೂತ್ಕೊಳಿ" ಅನ್ನುತ್ತಿದ್ದೆ. ಇದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ. ಡಾಕ್ಟರಿಗೂ ಗೊತ್ತಿರಲಿಲ್ಲ.

ಅಂದು ಮೈದುನನ ಮಾತು ಕೇಳಿ ಪೆನ್ಸಿಲ್ಲನ್ನು ಡ್ರಾಯರಿನಲ್ಲಿಟ್ಟೆ. ಅವನೇ ಪರದೆ ನೋಡಿ ಒಬ್ಬೊಬ್ಬರನ್ನೂ ಕರೆದ. ಆಗ ಹೆಸರುಗಳಿನ್ನೂ ಇಂಗ್ಲಿಷ್ ಅಕ್ಷರದಲ್ಲಿದ್ದವು. ಸಿದ್ದಮ್ಮ ಎಂಬ ಅಜ್ಜಿ, ಕಣ್ಣು ಮಂಜಾದವಳು, ತೆರಕಣಾಂಬಿಯಿಂದ ಒಳಗೆ ಮೂರು ಮೈಲಿಯ ಹಳ್ಳಿಯವಳು, ಸಾಲಿನ ಕೊನೆಗೆ ಹೋಗಿ ಬಿದ್ದಳು. ಅವಳ ಬಸ್ಸು ಮೂರೂವರೆಗೆ. ಅವಳನ್ನು ಕರೆದಾಗ ನಾಲ್ಕೂಕಾಲು. ನಾನು ಗಡಿಯಾರ ನೋಡುತ್ತಲೇ ಇದ್ದೆ. ಬಾಯಿ ಬಿಡಲಿಲ್ಲ. ಬಿಟ್ಟರೆ 'ಇವಳ ಕೈಲಿ ಕಂಪ್ಯೂಟರು ಆಗಲಿಲ್ಲ' ಎಂದಾಗುತ್ತದಲ್ಲ ಎಂಬ ಭಯ. ಆ ಭಯಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ಬಸ್ಸು ಓಗ್ಬುಟ್ಟದೆ ಕನಪ್ಪ" ಎಂದು ಅಜ್ಜಿ ಮೆಟ್ಟಿಲ ಮೇಲೆ ಕೂತಳು. ಜಗಳವಿಲ್ಲ, ಅಳುವಿಲ್ಲ.

ಮೈದುನ ಕಂಪ್ಯೂಟರು ಆರಿಸಿದ. ಅಜ್ಜಿಯ ಚೀಲ ತೆಗೆದುಕೊಂಡ. ಐದು ಗಂಟೆಯ ಬಸ್ಸಿಗೆ ಅವಳನ್ನು ಹತ್ತಿಸಿ ತಾನೂ ಹತ್ತಿದ. ತೆರಕಣಾಂಬಿಯಲ್ಲಿ ಇಳಿದು ಮೂರು ಮೈಲಿ ಕೈಹಿಡಿದು ನಡೆಸಿಕೊಂಡು ಹೋಗಿ ಬಿಟ್ಟು ಬಂದನಂತೆ. ಮನೆಗೆ ಬಂದಾಗ ಮೊಣಕಾಲವರೆಗೆ ಧೂಳು. ಕಾಲು ತೊಳೆದು, ಊಟಕ್ಕೆ ಕೂತು, ಮುದ್ದೆ ಮುರಿದು ಹಾಗೇ ಹಿಡಿದುಕೊಂಡ.

"ಅತ್ಗೆ, ಆ ಅಜ್ಜಿ ದಾರೀಲಿ ಏನಂದ್ಲು ಗೊತ್ತಾ? 'ಚೀಟಿ ಅವ್ವ ಇದ್ದಿದ್ರೆ ನಂಗೆ ಬಸ್ಸು ಸಿಕ್ಕಾದು ಕನಪ್ಪ. ಪಾಪ, ಇವತ್ತು ರಜಾ ಆಕವ್ಳಾ?' ಅಂದ್ಲು."

ನಾನು ಅವಳಿಂದ ನಾಲ್ಕು ಮಾರು ದೂರದಲ್ಲಿ ಕೂತಿದ್ದೆ.

"ನಿನ್ ಬುಕ್ಕಲ್ಲಿ ಪೆನ್ಸಿಲ್ಲಲ್ಲಿ ಬರೀತೀಯಲ್ಲ, ಅದೆಲ್ಲ ಏನು?" ಎಂದ. ಹೇಳಿದೆ. ಅವನು ಮೊದಲ ಬಾರಿಗೆ ನಾನು ತೋರಿಸಿದ ಏನನ್ನೋ ನೋಡುವವನ ಹಾಗೆ ಕೇಳಿಸಿಕೊಂಡ. ಸೋಮವಾರ ಡಾಕ್ಟರನ್ನು ಕೇಳಿ ಹದಿನಾಲ್ಕು ರಿಜಿಸ್ಟರುಗಳನ್ನೂ ಎರಡು ಅಕ್ಕಿಚೀಲಕ್ಕೆ ತುಂಬಿಕೊಂಡು ಚಾಮರಾಜನಗರದ ಬಸ್ಸು ಹತ್ತಿದ. ಎರಡು ಭಾನುವಾರ ಮನೆಗೆ ಬರಲಿಲ್ಲ. ದೀಪಾವಳಿಗೆ ಬಂದವನು ಹೋಳಿಗೆ ತಿಂದು, ಒಂದು ಗುಂಡಿಯನ್ನೂ ತೋರಿಸದೆ ಮರಳಿ ಹೋದ.

"ಪುಸ್ತಕನೂ ಓಯ್ತು, ಮೈದುನನೂ ಓದ" ಎಂದೆ ಯಜಮಾನರಿಗೆ.

"ಹೊಸ ಫ್ಲಾಪಿ ಬಂದಿರಬೇಕು ಬುಡು" ಎಂದರು.

ಆ ಶನಿವಾರ ಬಂತು. ಡಾಕ್ಟರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಮೈದುನ ಬೆಳಗಿನ ಮೊದಲ ಬಸ್ಸಿಗೆ ಬಂದು ಏನೋ ತುಂಬಿ, ಗೋಡೆಗೆ ಒರಗಿ ನಿಂತಿದ್ದ. ಈ ಸಲ ಯಾವ ಕೊಂಬೆಯೋ, ಯಾವ ಪಟ್ಟಿಯೋ ಎಂದು ಹೆದರಿಕೊಂಡೇ ಪರದೆ ನೋಡಿದೆ.

ನನ್ನ ರಿಜಿಸ್ಟರು. ಬಿಳಿ ಹಾಳೆ, ನೀಲಿ ಗೆರೆ, ಎಡಗಡೆ ಕೆಂಪು ಅಂಚು. ಹೆಸರುಗಳು ಕನ್ನಡದಲ್ಲಿ. ಹೆಸರು, ಊರು, ಕಾಯಿಲೆ, ಬಸ್ಸು. ಹೊಸಬರನ್ನು ಬರೆದ ತಕ್ಷಣ ಅವರವರ ಬಸ್ಸಿನ ಹೊತ್ತಿಗೆ ತಕ್ಕಂತೆ ತಾವೇ ಸಾಲಿನಲ್ಲಿ ಸರಿದು ನಿಲ್ಲುತ್ತಿದ್ದರು.

"ಬಟನ್ನುಗಳೆಲ್ಲ ಎಲ್ಲಪ್ಪ?" ಎಂದರು ಡಾಕ್ಟರು. ಅವರಿಗೂ ಇಪ್ಪತ್ತೆಂಟನ್ನು ತೋರಿಸಿದ್ದನೆಂದು ಕಾಣುತ್ತದೆ.

"ಒಂದೇ ಇರೋದು ಸಾರ್."

ಮೂಲೆಯಲ್ಲಿ 'ಮುಂದಿನವರು' ಎಂಬ ಒಂದೇ ಗುಂಡಿ. ಅದು ಉಬ್ಬಿತ್ತೋ ಚಪ್ಪಟೆಯೋ, ಈಗ ನೆನಪಿಲ್ಲ.

ಹತ್ತು ಹನ್ನೆರಡು ಜನರನ್ನು ಸಲೀಸಾಗಿ ಬರೆದೆ. ಅಷ್ಟರಲ್ಲಿ ಸಿದ್ದಮ್ಮಜ್ಜಿ ಕಣ್ಣಿಗೆ ಔಷಧದ ಹನಿ ಹಾಕಿಸಿಕೊಳ್ಳಲು ಬಂದಳು. ಅವಳ ಹೆಸರಿನ ಮೇಲೆ ಬಾಣ ನಿಂತಿತು. ನಿಂತದ್ದೇ ತಡ, ಪಕ್ಕದಲ್ಲಿ ಒಂದು ಪುಟ್ಟ ಹಳದಿ ಚೀಟಿ ತಾನಾಗಿ ಮೂಡಿತು. ಅದರಲ್ಲಿ ನನ್ನದೇ ಮಾತು: 'ಕಣ್ಣು ಮಂಜು. ಕೈಹಿಡಿದು ಒಳಗೆ ಬಿಡಬೇಕು. ಮಗನ ಸುದ್ದಿ ಎತ್ತಬಾರದು.'

ಡಾಕ್ಟರು ಅದನ್ನು ಎರಡು ಸಲ ಓದಿದರು. ಮೌಸನ್ನು ತಾವೇ ತೆಗೆದುಕೊಂಡು ಇನ್ನೊಂದು ಹೆಸರಿನ ಮೇಲೆ ಇಟ್ಟರು. 'ಎಡಕಿವಿ ಕೇಳುವುದಿಲ್ಲ.' ಇನ್ನೊಂದು. 'ಸೂಜಿ ಕಂಡರೆ ತಲೆ ತಿರುಗುತ್ತದೆ, ಕೂರಿಸಿಯೇ ಹಾಕಬೇಕು.' ಇನ್ನೊಂದು. 'ಜೊತೆಗೆ ಬಂದ ಗಂಡನೇ ಮಾತಾಡುತ್ತಾನೆ. ಅವನನ್ನು ಆಚೆ ಕಳಿಸಿ ಕೇಳಬೇಕು.'

"ಇದನ್ನೆಲ್ಲ ನೀವು ಬಾಗಿಲಲ್ಲಿ ಬಂದು ನನ್ನ ಕಿವೀಲಿ ಹೇಳ್ತಿದ್ರಿ ಅಲ್ವಾ? ನಾನು ನಿಮಗೆ ಸುಮ್ಮನೆ ನೆನಪಿರುತ್ತೆ ಅಂದ್ಕೊಂಡಿದ್ದೆ" ಎಂದರು. ಎದ್ದು ನಿಂತು ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿದರು. "ಕೋರ್ಸ್ ಮಾಡಿದ ಹುಡುಗಿ ಬಂದ್ರೂ ಈ ಚೀಟಿ ನೀವೇ ಬರೀಬೇಕಲ್ಲಮ್ಮ. ಹಾಗಾದ್ರೆ ಅವಳು ಯಾಕೆ?"

ಸಿದ್ದಮ್ಮಜ್ಜಿಯ ಕೈಹಿಡಿದು ಒಳಗೆ ಬಿಟ್ಟು ಬಂದೆ. ಅವಳು ನನ್ನ ಬಳೆ ಮುಟ್ಟಿ ನೋಡಿ, "ಇವತ್ತು ಬಂದಿದ್ದೀಯ ಬುಡವ್ವ" ಎಂದಳು.

ಮಧ್ಯಾಹ್ನ ಜನ ಕರಗಿದ ಮೇಲೆ ಮೈದುನನನ್ನು ಕೇಳಿದೆ, "ಈ ಹಳದಿ ಚೀಟಿ ಹೊಸ ಫ್ಲಾಪೀಲಿ ಬಂದಿದ್ದಾ?"

"ಫ್ಲಾಪೀಲೂ ಒಂದು ಹಳದಿ ಚೀಟಿ ಇತ್ತು. ಅದಕ್ಕೆ ಕನ್ನಡ ಬರಲ್ಲ. ಅದಕ್ಕೇ ಇದನ್ನ ನಾನೇ ಮಾಡ್ದೆ" ಎಂದ. ನೆಲದ ಮೇಲೆ ಕೂತು ವೈರು ಸುತ್ತುತ್ತಿದ್ದ, ತಲೆ ಎತ್ತಲಿಲ್ಲ. "ಹದಿನಾಲ್ಕು ಬುಕ್ಕಲ್ಲಿ ನೀನು ಪೆನ್ಸಿಲ್ಲಲ್ಲಿ ಬರ್ದಿರೋರ್ನೆಲ್ಲ ಹಾಕಿವ್ನಿ. ಮೊದ್ಲೇ ಪುಟದಿಂದ."

ಮೊದಲ ಪುಟಕ್ಕೆ ಹೋದೆ. ನಾನು ಕೆಲಸಕ್ಕೆ ಸೇರಿದ ವಾರದ ಪುಟ. ಹನ್ನೊಂದನೆಯ ಹೆಸರು ಅವನದೇ. ವಯಸ್ಸು ಒಂಬತ್ತು, ಜ್ವರ. ನನಗೆ ಪೂರ್ತಿ ಮರೆತೇಹೋಗಿತ್ತು. ಬಾಣ ಅಲ್ಲಿ ನಿಂತಿತು. ಚೀಟಿ ಮೂಡಿತು.

'ತಾಯಿ ಇಲ್ಲ. ಕೈಗೆ ಏನಾದರೂ ಹೊಸ ಸಾಮಾನು ಕೊಟ್ಟರೆ ಅಳುವುದಿಲ್ಲ.'

ಸ್ವಲ್ಪ ಹೊತ್ತು ನಾನು ಮೌಸನ್ನು ಅಲ್ಲಾಡಿಸಲಿಲ್ಲ. ಅಲ್ಲಾಡಿಸಿದರೆ ಚೀಟಿ ಹೋಗಿಬಿಡುತ್ತದಲ್ಲ.

"ಇದನ್ಯಾಕೋ ಹಾಕ್ದೆ?" ಎಂದೆ.

"ನೀನು ಬರ್ದಿದ್ಯಲ್ಲ ಅತ್ಗೆ. ಇದ್ದಂಗೇ ಹಾಕ್ದೆ" ಎಂದ.

ಅಂದಿನ ಪುಟದಲ್ಲಿ ಹೀಗಿದೆ: ನಲವತ್ತೊಂದು ಹೆಸರು ಬರೆದದ್ದು. ಯಾರ ಬಸ್ಸೂ ತಪ್ಪಲಿಲ್ಲ. ಬರುವಾಗ ಅಂಗಡಿಯಲ್ಲಿ ಬೆಲ್ಲ ತಂದದ್ದು. ರಾತ್ರಿಗೆ ಮುದ್ದೆ, ಉಪ್ಪುಸಾರು, ಹುರುಳಿಕಾಳಿನ ಪಲ್ಯ; ಅನ್ನದಲ್ಲಿ ಯಜಮಾನರಿಗೆ ಎರಡು ಕಲ್ಲು ಸಿಕ್ಕಿತು, ತಟ್ಟೆಯ ಅಂಚಿಗೆ ತೆಗೆದಿಟ್ಟರು. ಮೊದಲು ಮಲಗಿದ್ದು ಮೈದುನ. ಕೈಯಲ್ಲಿ ಅಂದು ಬಂದ ಹೊಸ ಫ್ಲಾಪಿ ಹಾಗೇ ಇತ್ತು. ತೆಗೆದಿಡಲು ಹೋದವಳು ಬಿಟ್ಟುಬಂದದ್ದು.